ಹನ್ನೊಂದನೆಯವನ ಕಣ್ಣು

ಅವರ ಕೆಳತುಟಿಯ ನಟ್ಟನಡುವೆ ಸಾಸಿವೆ ಕಾಳಿನಷ್ಟು ಒಂದು ಹಸಿರು ಚುಕ್ಕೆ ಇರುತ್ತಿತ್ತು. ಬ್ರಶ್ಶಿನ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಚೂಪು ಮಾಡಿಕೊಳ್ಳುವ ಅಭ್ಯಾಸದಿಂದ ಬಂದ ಚುಕ್ಕೆ ಅದು. ಚೌತಿಗೆ ಗಣಪತಿ ಮಾಡುವ ಮೂರು ತಿಂಗಳು ಮಾತ್ರ ಆ ತುಟಿ ಚೊಕ್ಕವಾಗಿರುತ್ತಿತ್ತು. ದೇವರ ಬ್ರಶ್ಶಿಗೆ ಅವರು ಎಂಜಲು ತಾಗಿಸುತ್ತಿರಲಿಲ್ಲ. ಹಾಗಾಗಿ ಸಾಗರದ ನಮ್ಮ ಬೀದಿಯಲ್ಲಿ ಅವರ ತುಟಿ ನೋಡಿಯೇ, ಒಳಗೆ ಈಗ ಗಣಪತಿ ಕೂತಿದ್ದಾನೋ ಮಣ್ಣಿನ ಸೈನಿಕರು ನಿಂತಿದ್ದಾರೋ ಹೇಳಬಹುದಿತ್ತು.

"ಊರಿನ ಗಂಡಸರ ಬಾಯಿ ಎಲೆ ಅಡಿಕೆಗೆ ಕೆಂಪಾಗುತ್ತೆ, ನಮ್ಮನೆಯವ್ರದ್ದು ಹಸ್ರು. ಎಮ್ಮೆ ಕಟ್ಕಂಡಂಗಾಗಿದೆ ನಂಗೆ" ಎಂದು ಅವರ ಹೆಂಡತಿ ನಗುತ್ತಿದ್ದರು. ಅವರನ್ನು ನಾನು ಅತ್ತೆ ಎನ್ನುತ್ತಿದ್ದೆ, ಇವರನ್ನು ಮಾವ. ಬೀದಿಯವರಿಗೆಲ್ಲ ಮಿಲಿಟರಿ ಮಾವ.

ನಾನು ಮದುವೆಯಾಗಿ ಬಂದಾಗ ಅವರು ಸೈನ್ಯದಿಂದ ನಿವೃತ್ತರಾಗಿ ಪಕ್ಕದ ಮನೆಯಲ್ಲಿದ್ದರು. ಅವರ ತಂದೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಮಗ ಹದಿನೆಂಟಕ್ಕೆ ಕೈಯ ಮಣ್ಣು ಕೊಡವಿ ಸೈನ್ಯಕ್ಕೆ ಓಡಿಹೋಗಿ, ಪಿಂಚಣಿಯ ವಯಸ್ಸಿಗೆ ಬಂದು ಮತ್ತೆ ಅದೇ ಮಣ್ಣಿಗೆ ಕೈ ಹಾಕಿದ್ದರು.

ಎರಡನೆಯ ಮಗು ಹೊಟ್ಟೆಯಲ್ಲಿ ನಿಲ್ಲದೆ ಹೋದ ವರ್ಷ ನಾನು ದೇವರಿಗೆ ದೀಪ ಹಚ್ಚುವುದನ್ನೂ ಬಿಟ್ಟು ಹಿತ್ತಲ ಕಲ್ಲಿನ ಮೇಲೆ ಕೂತಿರುತ್ತಿದ್ದೆ. ಒಂದು ದಿನ ಮಾವ ಬೇಲಿಯಾಚೆಯಿಂದ ಕರೆದರು. "ಎಂತ ಅಲ್ಲಿ ಕೂತ್ಕಂಡಿದೀ? ಬಾ, ಇಲಿಗೆ ಬಣ್ಣ ಹಚ್ಚು. ನಿಂದು ರಂಗೋಲಿ ಹಾಕೋ ಕೈ, ನಡುಗಲ್ಲ."

"ಕೆಟ್ಟೋದ್ರೆ ಮಾವ?"

"ಇಲಿ ಕೆಟ್ರೆ ಗಣಪತಿ ಎಂತದೂ ಹೇಳಲ್ಲ ಮಾರಾಯ್ತಿ. ಅವನಿಗೆ ಕೂರಕ್ಕೊಂದು ಬೆನ್ನಿದ್ರೆ ಸಾಕು."

ಮೂರು ವರ್ಷ ನಾನು ಇಲಿಗಳಿಗೆ ಮಾತ್ರ ಬಣ್ಣ ಹಚ್ಚಿದೆ. ಆಮೇಲೆ ಉಗುರು, ಆಮೇಲೆ ಪಂಚೆಯ ಅಂಚು. ಸಂಜೆ ದೀಪ ಹಚ್ಚಿ, ಆ ದಿನ ದೇವರು ಮಾಡಿದ ಸಣ್ಣ ಉಪಕಾರಗಳನ್ನು ಬೆರಳಲ್ಲಿ ಎಣಿಸುವ ಅಭ್ಯಾಸ ನನಗೆ ಶುರುವಾದದ್ದೂ ಆಗಲೇ. ಗ್ಯಾಸು ಕೊನೆಯ ದೋಸೆ ಎದ್ದ ಮೇಲೆ ಮುಗಿಯಿತು, ಒಂದು. ಇಲಿಯ ಮೀಸೆ ನೇರ ಬಂತು, ಎರಡು.

ಕಣ್ಣು ಮಾತ್ರ ಮಾವನದೇ. ಮೈಯ ಬಣ್ಣವೆಲ್ಲ ಮುಗಿದ ಮೇಲೆ, ಬೆಳಿಗ್ಗೆ ಸ್ನಾನ ಮಾಡಿ, ಕಾಫಿ ಸಹ ಕುಡಿಯದೆ, ಪೂರ್ವಕ್ಕೆ ಮುಖ ಮಾಡಿ ಕೂತು ಕಣ್ಣು ಬರೆಯುತ್ತಿದ್ದರು. "ಅಲ್ಲಿ ತನಕ ಮಣ್ಣು. ಆಮೇಲೆ ಅವನು ನಮ್ಮನ್ನ ನೋಡ್ತಾನೆ" ಎನ್ನುವರು. ಬಣ್ಣ ಮುಗಿದ ಮೂರ್ತಿ ಕಣ್ಣಿಲ್ಲದೆ ಮನೆಯಲ್ಲಿ ಉಳಿಯಬಾರದು ಎಂಬುದು ಅವರ ತಂದೆಯ ಕಾಲದ ಕಟ್ಟು. ವಯಸ್ಸಾಗಿ ಅವರ ಬಲಗೈ ನಡುಗಲು ಶುರುವಾದಾಗ, ಒಂದು ಚೌತಿಯ ಮುಂಚೆ, ಬ್ರಶ್ಶನ್ನು ನನ್ನ ಕೈಗಿಟ್ಟು "ಕಣ್ಣು ಇನ್ಮೇಲೆ ನಿಂದು" ಎಂದರು. ಅವತ್ತು ಸಂಜೆ ನಾನು ಬೆರಳು ಎಣಿಸಲಿಲ್ಲ, ಅತ್ತುಬಿಟ್ಟೆ.

ಚೌತಿ ಮುಗಿದು ಉಳಿದ ಮಣ್ಣನ್ನು ಮಾವ ಎಸೆಯುತ್ತಿರಲಿಲ್ಲ. ಅದರಲ್ಲಿ ಸೈನಿಕರನ್ನು ಮಾಡುತ್ತಿದ್ದರು. ಒಳಕೋಣೆಯಲ್ಲಿ ಹಳೆಯ ಬಾಗಿಲೊಂದನ್ನು ಎರಡು ಸ್ಟೂಲುಗಳ ಮೇಲೆ ಮಲಗಿಸಿ, ಅದರ ಮೇಲೆ ಒಂದು ನದಿ, ನಡುವೆ ಮುರಿದು ಬಿದ್ದ ಸೇತುವೆ, ದಂಡೆಯ ಕಾಡು, ಒಂದು ದೋಣಿ ಕಟ್ಟಿದ್ದರು. ಬಾಂಗ್ಲಾ ಯುದ್ಧದಲ್ಲಿ ಅವರ ಕಮಾಂಡೋ ತುಕಡಿ ಕತ್ತಲಲ್ಲಿ ನದಿ ದಾಟಿ ಹೋಗಿ ಶತ್ರುಗಳ ಸೇತುವೆ ಉಡಾಯಿಸಿ ಬಂದ ದಾಳಿ ಅದು. ಅಳತೆಪಟ್ಟಿ ಅವರಿಗೆ ಬೇಡ. "ಒಬ್ಬ ಆಳು ಅಂದ್ರೆ ನನ್ನ ತೋರುಬೆರಳಿನ ಎರಡು ಗೆಣ್ಣು" ಎಂದು ಶುರು ಮಾಡಿ, ಮರ, ದೋಣಿ, ಸೇತುವೆ ಎಲ್ಲವನ್ನೂ ಆ ಗೆಣ್ಣಿನ ಲೆಕ್ಕದಲ್ಲೇ ಕಟ್ಟಿದರು. ಸೇತುವೆಗೆ ಪೊರಕೆಯ ಹಿಡಿಕಡ್ಡಿ, ಮರಗಳ ಬೇರಿಗೆ ಲಾವಂಚ, ಪೊದೆಗೆ ನಗರ ಎಂಬ ಊರಿನ ಕೋಟೆ ಗೋಡೆಯಿಂದ ಕೆರೆದು ತಂದು ಒಣಗಿಸಿದ ಪಾಚಿ. ನದಿಗೆ ವಾರ್ನಿಶ್ ಬಳಿದು ಮುಗಿಸಿದಾಗ ನಾನು ಚಂದ ಹೊಳೀತಿದೆ ಎಂದೆ. "ಅದೇ ತಪ್ಪು. ಆ ನೀರು ಹೊಳೀತಿರ್ಲಿಲ್ಲ" ಎಂದು ಅದರ ಮೇಲೆ ನನ್ನಿಂದ ಚಹಾದ ಡಿಕಾಕ್ಷನ್ ಸವರಿಸಿ ಮಂಕು ಮಾಡಿಸಿದರು.

ಸೈನಿಕರು ಹನ್ನೊಂದು. ಎಲ್ಲರ ಮುಖಕ್ಕೂ ಮಸಿ. ಕತ್ತಲಲ್ಲಿ ಕಾಣದಿರಲೆಂದು ನಿಜಕ್ಕೂ ಹಾಗೆ ಬಳಿದುಕೊಂಡಿದ್ದರಂತೆ. ಆದ್ದರಿಂದ ಆ ಮುಖಗಳಲ್ಲಿ ಬಿಳಿ ಎಂಬುದು ಕಣ್ಣು ಮಾತ್ರ, ಸೂಜಿಮೊನೆಯಲ್ಲಿ ನಾನು ಇಟ್ಟ ಚುಕ್ಕೆ.

"ಹನ್ನೊಂದು ಜನ ಹೋದ್ವಿ, ಹತ್ತು ಜನ ಬಂದ್ವಿ" ಎನ್ನುತ್ತಿದ್ದರು ಮಾವ. ಬಾರದವನು ಹೊಸನಗರದ ಕಡೆಯವನು, ಶಿವಮೊಗ್ಗದಲ್ಲಿ ಇವರ ಜೊತೆ ಒಂದೇ ದಿನ ಭರ್ತಿಯಾದ ಗೆಳೆಯ. ಯುದ್ಧ ಮುಗಿದು ರಜೆಯಲ್ಲಿ ಬಂದಾಗ ಮಾವ ಅವನ ತಾಯಿಗೂ ತಂಗಿಗೂ ಹೇಳಿದ್ದು ಇಷ್ಟು: "ಸೇತುವೆ ಮೇಲೆ ಗುಂಡು ತಾಗ್ತು. ಆ ಕ್ಷಣನೇ ಹೋದ. ನೋವು ಗೊತ್ತಾಗ್ಲಿಲ್ಲ." ತಾಯಿ ಆ ಮಾತನ್ನು ಹಿಡಿದುಕೊಂಡೇ ತೀರಿಕೊಂಡರು. ತಂಗಿ ಇವರನ್ನು ಅಣ್ಣಯ್ಯ ಎಂದರು. ಆಕೆಯ ಮನೆಗೆ ಪ್ರತಿ ಚೌತಿಗೂ ಮಾವನದೇ ಗಣಪತಿ. ಮುಖಕ್ಕೆ ಬಟ್ಟೆ ಮುಚ್ಚಿ, ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಒಯ್ಯುವರು. ವಾಪಸು ಬರುವಾಗ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಮುಖದಲ್ಲಿ ಒಡಹುಟ್ಟಿದವಳ ಮನೆಗೆ ಹೋಗಿ ಬಂದ ಕಳೆ.

"ನೀವು ಕಟ್ತಿರೋ ಸೇತುವೆ ಮುಗಿದ ಮೇಲೆ ಹೇಳಿ ಅಣ್ಣಯ್ಯ, ನಮ್ಮಣ್ಣ ಹೋದ ಜಾಗ ನಾನೂ ನೋಡ್ಬೇಕು" ಎಂದು ಆಕೆ ಪ್ರತಿ ವರ್ಷ ಕೇಳುವರಂತೆ. ಮಾವ ಪ್ರತಿ ವರ್ಷ "ಇನ್ನೂ ಮುಗಿದಿಲ್ಲ ತಂಗಿ" ಎನ್ನುವರು. ನನ್ನ ಕಣ್ಣಿಗೆ ಅದು ಯಾವತ್ತೋ ಮುಗಿದಿತ್ತು. ಮಾವ ಅಂಟಿಸಿದ ಪೊದೆ ಕಿತ್ತು ಮತ್ತೆ ಅಂಟಿಸುತ್ತಿದ್ದರು. ಹತ್ತು ಜನ ದೋಣಿಯ ಹತ್ತಿರ ಇದ್ದರು. ಹನ್ನೊಂದನೆಯವನು ಮಾತ್ರ ಹಳೆಯ ಕುಂಕುಮದ ಡಬ್ಬಿಯಲ್ಲಿ, ಹತ್ತಿಯ ಮೇಲೆ. ಕಾಲು ಚಾಚಿ ಕೂತ ಭಂಗಿ, ಎಡಗೈಯಲ್ಲಿ ನೀರಿನ ಬಾಟಲಿ, ಮುಖಕ್ಕೆ ಮಸಿ, ಕಣ್ಣಿಲ್ಲ. "ಇವನಿಗೆ ಮಾವ?" ಎಂದರೆ "ಇರ್ಲಿ ಬಿಡು, ಸುಸ್ತಾಗಿದಾನೆ" ಎಂದು ಮುಚ್ಚಳ ಹಾಕುವರು.

ಕೊನೆಗೆ ಆಕೆ ಕಾಯಲಿಲ್ಲ. ಮೊಮ್ಮಗಳ ಮದುವೆಯ ಕರೆಯೋಲೆ ಕೊಡಲು ಸೋಮವಾರ ಬರುತ್ತೇನೆ, ಹಾಗೇ ಅದನ್ನೂ ನೋಡುತ್ತೇನೆ ಎಂದು ಫೋನು ಮಾಡಿದರು. "ಹತ್ತು ಜನ ಇದಾರಲ್ಲ, ಅಷ್ಟೇ ನೋಡ್ಕಂಡು ಹೋಗ್ಲಿ" ಎಂದು ಮಾವ ಅತ್ತೆಗೆ ಹೇಳಿದ್ದರಂತೆ. ನನಗೆ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಮಾವ ಬಸ್‌ಸ್ಟ್ಯಾಂಡಿಗೆ ಹೋದರು. ಅತ್ತೆ ಅಡುಗೆಯಲ್ಲಿದ್ದರು. ಒಳಕೋಣೆ ಗುಡಿಸಲು ಹೋದ ನನಗೆ ಡಬ್ಬಿ ಕಂಡಿತು. ಹತ್ತೇ ಜನ ಮರಳಿದ್ದು ಎಂಬುದು ನನಗೆ ಗೊತ್ತಿತ್ತು. ಹನ್ನೊಂದನೆಯವನು ಯಾರೆಂದು ಒಂದು ನಿಮಿಷ ಯೋಚಿಸಿದ್ದರೆ ತಿಳಿಯುತ್ತಿತ್ತು. ನಾನು ಯೋಚಿಸಲಿಲ್ಲ. ಬಣ್ಣ ಮುಗಿದೂ ಕಣ್ಣಿಲ್ಲದ ಮೂರ್ತಿ, ಮನೆಗೆ ನೆಂಟರು ಬರುವ ದಿನ, ಅದೂ ಮದುವೆ ಕರೆಯೋಲೆ ಹಿಡಿದು. ಅದೊಂದೇ ನನ್ನ ತಲೆಯಲ್ಲಿ. ಕೈ ನಡುಗುತ್ತದೆಂದು ಮಾವ ಬಿಟ್ಟಿರಬೇಕು, ನನ್ನನ್ನು ಕೇಳಲು ಮರೆತಿರಬೇಕು. ಸ್ನಾನ ಆಗಿತ್ತು, ಇನ್ನೂ ಏನೂ ತಿಂದಿರಲಿಲ್ಲ. ಪೂರ್ವಕ್ಕೆ ಕೂತು ಸೂಜಿಮೊನೆಯಲ್ಲಿ ಎರಡು ಬಿಳಿ, ಅದರೊಳಗೆ ಎರಡು ಕಪ್ಪು ಇಟ್ಟೆ. ದಂಡೆಯ ದೊಡ್ಡ ಮರದ ಬುಡದಲ್ಲಿ ಪಾಚಿಯಿಲ್ಲದ ಒಂದು ಸಣ್ಣ ತಗ್ಗಿತ್ತು. ಅಲ್ಲಿಟ್ಟರೆ ಅವನ ಬೆನ್ನು ಅಳತೆ ಮಾಡಿದಂತೆ ಕೂತಿತು. ಆ ದಿನದ ಉಪಕಾರಗಳಲ್ಲಿ ಇದು ಮೊದಲನೆಯದು ಎಂದು ಒಂದು ಬೆರಳು ಮಡಿಸಿದೆ ಕೂಡ.

ಆಕೆ ಬಂದರು. ನೀರು ಕುಡಿದು, ಕನ್ನಡಕ ಒರೆಸಿಕೊಂಡು, ಸೀದಾ ಒಳಕೋಣೆಗೇ ಹೋದರು. ಬಾಗ್ಲ ಮೇಲೇ ನದಿ ಮಾಡೀರಲ್ಲ ಅಣ್ಣಯ್ಯ ಎಂದು ನಕ್ಕರು. ಬೆರಳು ಚಾಚಿ ತಲೆ ಎಣಿಸಿದರು. ಮಾವ ಇನ್ನೂ ಹೊಸಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದರು.

"ಹನ್ನೊಂದು" ಎಂದರು ಆಕೆ. ಆಮೇಲೆ ಬಗ್ಗಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು.

"ಇವ ಎಡಗೈಲಿ ಹಿಡ್ದಿದಾನೆ. ನಮ್ಮಣ್ಣ ಎಡಚ."

ಮಾವ ಒಳಗೆ ಬಂದು ನೋಡಿದರು. ಮೊದಲು ಮರದ ಬುಡವನ್ನು, ಆಮೇಲೆ ನನ್ನನ್ನು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಈಗಲೂ ಕಷ್ಟ.

"ಸೇತುವೆ ಮೇಲೇ ಹೋದ ಅಂದಿದ್ರಿ ನೀವು. ಸೇತುವೆ ಬಿದ್ದಿದೆ. ಇವ ಇಲ್ಲಿ ಕೂತಿದಾನೆ, ಕಣ್ಣು ಬಿಟ್ಕಂಡು."

"ಬದುಕಿದ್ದ ತಂಗಿ" ಎಂದರು ಮಾವ. "ಹೊಟ್ಟೆಗೆ ತಾಗಿತ್ತು. ಹೊತ್ಕಂಡು ಬರಕ್ಕೆ ಹೊತ್ತಿರ್ಲಿಲ್ಲ, ಬಿಟ್ಟು ಬನ್ನಿ ಅಂತ ಆರ್ಡರ್. ನೀರು ಕೇಳ್ದ. ನನ್ನ ಬಾಟ್ಲಿ ಕೈಲಿಟ್ಟೆ. ಬಂದೆ."

"ನೀರಿತ್ತಾ ಅದ್ರಲ್ಲಿ?"

"ಅರ್ಧ ಇತ್ತು."

"ಕುಡಿದ್ನಾ?"

"ಗೊತ್ತಿಲ್ಲ. ನಾನು ತಿರುಗಿ ನೋಡ್ಲಿಲ್ಲ."

ಅತ್ತೆ ಎಲೆ ಹಾಕಿ ಬಡಿಸಿದ್ದರು. "ಒಂದು ತುತ್ತು ಉಂಡು ಹೋಗಮ್ಮ, ಬಿಸಿಲು" ಎಂದರು. ಆಕೆ ಚೀಲ ತೆಗೆದುಕೊಂಡು ಹೊರಟೇಬಿಟ್ಟರು. ಅರಿಶಿನ ಹಚ್ಚಿದ ಕರೆಯೋಲೆ ಚೀಲದ ಬಾಯಲ್ಲೇ ಇತ್ತು. ಅದನ್ನು ಕೊಡಲಿಲ್ಲ.

ನಾನು ಮಾವನ ಕಾಲು ಹಿಡಿದೆ. "ಏಳು ಮಾರಾಯ್ತಿ" ಎಂದರು. "ಕಣ್ಣು ನಿಂಗೆ ಬಿಟ್ಟುಕೊಟ್ಟವ ನಾನೇ ಅಲ್ಲನಾ. ಸರಿಯಾಗೇ ಬರ್ದಿದೀಯ. ಅವ ಹಂಗೇ ನೋಡ್ತಿದ್ದ." ಆ ದಿನದಿಂದ ಅವರ ತುಟಿಯ ಹಸಿರು ಚುಕ್ಕೆ ಹೋಯಿತು. ಸೈನಿಕರ ಬ್ರಶ್ಶನ್ನು ಮತ್ತೆ ಮುಟ್ಟಲಿಲ್ಲ.

ಮೊಮ್ಮಗಳ ಮದುವೆಗೆ ಮಾವ ಹೋಗಲಿಲ್ಲ. ಚೌತಿ ಹತ್ತಿರ ಬಂದಾಗ ಆ ಮನೆಯ ಗಣಪತಿಯನ್ನು ಎಂದಿನಂತೆ ಮಾಡಿದರು, ಆದರೆ ಕಣ್ಣು ಬರೆಸಲಿಲ್ಲ. "ಅವ್ರು ಕೇಳಿದ್ರೆ ಕಣ್ಣು. ಇಲ್ದಿದ್ರೆ ಮಣ್ಣಾಗೇ ಇರ್ಲಿ." ದೇವರ ಮೂರ್ತಿಯಲ್ಲಿ ತಂದೆಯ ಕಟ್ಟನ್ನು ಅವರು ಮುರಿದದ್ದು ಅದೊಂದೇ ಸಲ. ಫೋನು ಬರಲಿಲ್ಲ. ಗೌರಿ ಹಬ್ಬದ ಮಧ್ಯಾಹ್ನ ಆಕೆಯೇ ಬಂದು ಬಾಗಿಲಲ್ಲಿ ನಿಂತರು. ಮಾವನ ಕಡೆ ನೋಡದೆ ನನ್ನನ್ನು ಕೇಳಿದರು.

"ನಮ್ಮನೆ ಗಣಪತಿ ಆಗಿದೆಯಾ?"

"ಕಣ್ಣೊಂದು ಬಾಕಿ."

"ಬರೀರಿ. ಮೂರಕ್ಕೆ ಬಸ್ಸು."

ನಾನು ಮತ್ತೆ ಸ್ನಾನ ಮಾಡಿ ಬಂದು ಕೂತೆ. ಮಾವ ನಡುಗುವ ಕೈಯಲ್ಲಿ ಕಪ್ಪು ಕಲಸಿಕೊಟ್ಟರು. ಬರೆದು ಮುಗಿಸಿದೆ. "ಬಸ್‌ಸ್ಟ್ಯಾಂಡಿನ ತನಕ ನಾನು..." ಎಂದು ಮಾವ ಎದ್ದರೆ, "ಬೇಡ. ನಂಗೆ ಹೊತ್ಕಂಡು ಹೋಗಕ್ಕೆ ಬರುತ್ತೆ" ಎಂದು ಮೂರ್ತಿಯನ್ನು ಸೆರಗಲ್ಲಿ ಮುಚ್ಚಿ ಎತ್ತಿಕೊಂಡು ಹೋದರು. ಅಲ್ಲಿಂದ ಮುಂದೆ ಪ್ರತಿ ವರ್ಷ ಆಕೆಯೇ ಬಂದು ಒಯ್ದರು. ತಮ್ಮ ಮನೆಗೆ ಬನ್ನಿ ಎಂದು ಮಾವನನ್ನು ಕರೆಯಲಿಲ್ಲ, ಅಣ್ಣಯ್ಯ ಎನ್ನಲೂ ಇಲ್ಲ. ಇದನ್ನು ಉಪಕಾರವೆಂದು ಎಣಿಸಬೇಕೋ ಬಾರದೋ ನನಗೆ ತಿಳಿಯದೆ, ಅರ್ಧ ಬೆರಳು ಮಡಿಸುತ್ತಿದ್ದೆ.

ಅವರು ನನ್ನ ಕೈಗೆ ಬ್ರಶ್ಶು ಕೊಟ್ಟು ನನ್ನನ್ನು ಹಿತ್ತಲ ಕಲ್ಲಿನಿಂದ ಎಬ್ಬಿಸಿದರು. ಅದೇ ಬ್ರಶ್ಶಿನ ಸಲಿಗೆಯಲ್ಲಿ ನಾನು ಅವರಿಗೆ ತಂಗಿಯ ಮನೆಯೊಂದನ್ನು ಇಲ್ಲವಾಗಿಸಿದೆ. ದೇವರ ಮುಂದೆ ಕೂತಾಗ ಈ ಎರಡನ್ನೂ ಹೇಳುತ್ತೇನೆ, ಒಂದನ್ನು ಬಿಟ್ಟು ಒಂದನ್ನು ಹೇಳಲು ಬಾಯಿ ಬರುವುದಿಲ್ಲ.

ಹೋದ ವರ್ಷ ಅವರು ತೀರಿಕೊಂಡ ದಿನ, ಬೆಳಿಗ್ಗೆ ಮೊದಲ ಬಸ್ಸಿಗೆ ಆಕೆ ಬಂದರು. ಅತ್ತೆ ಫೋನು ಮಾಡಿಸಿದ್ದರು. ಎರಡು ದಿನದಿಂದ ಮಾವನಿಗೆ ಗುಟುಕು ನೀರು ಇಳಿಯುತ್ತಿರಲಿಲ್ಲ. ಅತ್ತೆ ಹಾಕಿದರೂ ನಾನು ಹಾಕಿದರೂ ಕಟವಾಯಿಂದ ಹೊರಗೆ ಬರುತ್ತಿತ್ತು. ಆಕೆ ಸೆರಗು ಸಿಕ್ಕಿಸಿಕೊಂಡು ಮಂಚದ ಅಂಚಿನಲ್ಲಿ ಕೂತು, ಅವರ ತಲೆಯನ್ನು ಎಡತೋಳಿನ ಮೇಲೆ ಎತ್ತಿಕೊಂಡರು.

"ಅಣ್ಣಯ್ಯ, ನೀರು" ಎಂದರು.

ಗಂಟಲು ಒಂದು ಸಲ ಅಲುಗಿತು. ಮತ್ತೊಂದು ಸಲ ಅಲುಗಿತು. ಆಕೆ ಚಮಚ ಕೆಳಗಿಟ್ಟು, ಆ ಚುಕ್ಕೆ ಇಲ್ಲದ ತುಟಿಯನ್ನು ಸೆರಗಿನಿಂದ ಒರೆಸಿದರು. ಆಮೇಲೆ ನಮ್ಮಿಬ್ಬರಿಗೂ ಅಲ್ಲ, ಒಳಕೋಣೆಯ ಬಾಗಿಲ ಕಡೆ ಮುಖ ಮಾಡಿ, ಅಲ್ಲಿ ಮರದ ಬುಡದಲ್ಲಿ ಕೂತವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಕುಡಿದ್ರು. ಎರಡು ಚಮಚ. ನಾನು ನೋಡ್ದೆ."