ಅತಿಥಿಯ ಮುಂದೆ ಒಪ್ಪಿಸಿದ ಪಾಠ

ಕೊಟ್ಟಿಗೆಹಾರದ ನಮ್ಮ ಹೋಮ್‌ಸ್ಟೇಗೆ ವಿದೇಶದವರು ಬರತೊಡಗಿದ ಮೇಲೆ ನಾನು ಆಲ್ದೂರಿಗೆ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದೆ. ಅಂದುಕೊಂಡಿದ್ದು ಆಗದೆ ಹೋದಾಗ ಹೇಗೆ ಹೇಳಬೇಕು ಅನ್ನೋದು ಆ ವಾರದ ಪಾಠ. ‘ಹ್ಯಾಡ್ ಹೋಪ್ಡ್ ಟು’, ‘ಹ್ಯಾಡ್ ವಾಂಟೆಡ್ ಟು’. ಸರಿಯಾಗಿ ಹೇಳಿದವರಿಗೆಲ್ಲ ಮೇಷ್ಟ್ರು “ವೆರಿ ಗುಡ್” ಎನ್ನುತ್ತಿದ್ದರು. “ಯಾರು ಸಿಕ್ಕಿದ್ರೂ ಮಾತಾಡಿ ಮಾರಾಯ್ರೆ, ನಾಚ್ಕೋಬೇಡಿ” ಎಂದೂ ಹೇಳಿದ್ದರು.

ಮರುದಿನ ವಯಸ್ಸಾದ ಇಂಗ್ಲೆಂಡಿನವರೊಬ್ಬರು ಬಂದರು. ಗಂಡ ಹೆಂಡತಿ ಇಬ್ಬರಿಗೂ ರೂಮ್ ಹೇಳಿದ್ದರು, ಬಂದಿದ್ದು ಮಾತ್ರ ಒಬ್ಬರೇ. ನನಗೋ ಪಾಠ ಒಪ್ಪಿಸುವ ಆತುರ. ಕಾಫಿ ಕೊಟ್ಟು, “ಐ ಹ್ಯಾಡ್ ಹೋಪ್ಡ್ ಟು ಮೀಟ್ ಯುವರ್ ವೈಫ್” ಎಂದೆ. ನಿಮ್ಮ ಹೆಂಡತಿಯನ್ನೂ ನೋಡುವ ಆಸೆಯಿತ್ತು ಅಂತ.

ಅವರು ಲೋಟದತ್ತ ತಲೆ ತಗ್ಗಿಸಿದರು. “ಶೀ ಹ್ಯಾಡ್ ವಾಂಟೆಡ್ ಟು ಕಮ್” ಎಂದರು ಮೆಲ್ಲಗೆ. ಬರಬೇಕೆಂದು ಅವಳಿಗೂ ಇತ್ತು.

ಪಾಠದಲ್ಲಿದ್ದ ಹಾಗೇ ಹೇಳಿದರಲ್ಲ ಎಂದು ನನ್ನ ಮುಖ ಅರಳಿತು. “ವೆರಿ ಗುಡ್” ಎಂದುಬಿಟ್ಟೆ.

ಅವರು ತಲೆಯೆತ್ತಿದರು. ಹೆಂಡತಿ ಹೋದ ತಿಂಗಳು ತೀರಿಕೊಂಡಳು ಎಂದರು. ಸಾರಿ ಎನ್ನಲು ಯಾವ ಕ್ಲಾಸೂ ಬೇಕಿರಲಿಲ್ಲ. ನಾನು ಮಾತ್ರ ಖಾಲಿಯಾಗದ ಲೋಟವನ್ನೇ ಎತ್ತಿಕೊಂಡು ಅಡುಗೆಮನೆಗೆ ಬಂದೆ.

ಬಾಗಿಲ ಸಂದಿಯಿಂದ ನೋಡುತ್ತಿದ್ದ, ಇಂಗ್ಲಿಷ್ ಬಾರದ ನನ್ನ ಹೆಂಡತಿ ಮೆಚ್ಚಿಕೊಂಡಳು. “ಪರವಾಗಿಲ್ವೆ, ನಿಮ್ಮ ಇಂಗ್ಲಿಷ್ ಅವ್ರಿಗೆ ಅರ್ಥ ಆಯ್ತು.”