ಹಿಂಬದಿಯ ಮೆಟ್ಟಿಲು ಹತ್ತುತ್ತಿದ್ದ ಪ್ರಶ್ನೆ ಅಕ್ಕ

ಲಿಫ್ಟ್ ಇರುವ ಕಟ್ಟಡದಲ್ಲಿ ಮೆಟ್ಟಿಲು ಹತ್ತುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಲಿಫ್ಟ್ ರಿಪೇರಿಯವನು. ಹಗ್ಗ, ಗಾಲಿ, ಬ್ರೇಕು ಅಂತ ಮೈಗೆಲ್ಲ ಎಣ್ಣೆ ಬಳಿದುಕೊಂಡು ನಾವು ಸಾಯಬೇಕು. ಇವರು ವ್ಯಾಯಾಮವಾಗುತ್ತದೆ ಎಂದು ಪಕ್ಕದಲ್ಲೇ ನಡೆದುಹೋಗುತ್ತಾರೆ. ಆದರೆ ಒಬ್ಬರು ಮಾತ್ರ ಮಂಡಿನೋವು ಇಟ್ಟುಕೊಂಡು, ಮುಂದೆ ಒಳ್ಳೆಯ ಲಿಫ್ಟ್ ಇದ್ದರೂ, ವರ್ಷಗಟ್ಟಲೆ ಹಿಂಬದಿಯ ಮೆಟ್ಟಿಲನ್ನೇ ಹತ್ತಿ ಇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಈ ಹೊತ್ತು ನಾನು ಬದುಕಿದ್ದು ಈ ಮಾತು ಆಡುತ್ತಿದ್ದರೆ ಅದಕ್ಕೆ ಅವರೂ ಕಾರಣ.

ಮನೆಯಲ್ಲಿ ನಾವು ಅವರನ್ನು ಪ್ರಶ್ನೆ ಅಕ್ಕ ಎನ್ನುತ್ತೇವೆ. ಹೆಸರಿಟ್ಟದ್ದು ನನ್ನ ಹೆಂಡತಿ. ಮನೋರೋಗ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಅಕ್ಕನ ಕೆಲಸವೆಂದರೆ ಚಿಕಿತ್ಸೆಗೆ ಸೇರಿದವರನ್ನು ಆಗಾಗ ಕೂರಿಸಿಕೊಂಡು ಅವೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುವುದು. ನಿದ್ದೆ ಬರುತ್ತಾ, ಊಟ ಸೇರುತ್ತಾ, ಭಯ ಆಗುತ್ತಾ. ತೊಂದರೆ ಏನೂ ಇಲ್ಲದಿದ್ದರೆ ಸೊನ್ನೆ, ತೀರಾ ಹೆಚ್ಚಿದ್ದರೆ ಮೂರು. ಎರಡು ಬಗೆಯ ಮಾತಿನ ಚಿಕಿತ್ಸೆಯಲ್ಲಿ ಯಾವುದು ಹೆಚ್ಚು ಫಲ ಕೊಡುತ್ತದೆ ಎಂದು ಅಲ್ಲಿನವರು ಪರೀಕ್ಷೆ ಮಾಡುತ್ತಿದ್ದರು. ಅದಕ್ಕೆ ಬೇಕಾದ ಅಂಕಿಗಳೆಲ್ಲ ಅಕ್ಕನ ಕೈಯಿಂದಲೇ ಬರಬೇಕಿತ್ತು.

ಅದಕ್ಕೂ ಮೊದಲು ಅಕ್ಕ ಅದೇ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಹಳೆಯ ಬೋರ್ಡು ಕಿತ್ತುಹಾಕಿದಾಗ ಇವರನ್ನು ಎಲ್ಲಿ ಕೂರಿಸುವುದೆಂದು ಆಫೀಸಿನವರು ತಲೆ ಕೆರೆದುಕೊಳ್ಳುತ್ತಿದ್ದರಂತೆ. ಆಗ ಸಂಶೋಧನೆಯ ಅಂಕಿಸಂಖ್ಯೆ ನೋಡಿಕೊಳ್ಳುವ ಲೆಕ್ಕದ ಮೇಷ್ಟ್ರು, 'ಅವರನ್ನ ನನಗೆ ಕೊಡಿ' ಎಂದರು. ಮಗು ಹುಟ್ಟಿದ ಸುದ್ದಿಯಾಗಲಿ ಸಾವಿನ ಸುದ್ದಿಯಾಗಲಿ, ಅಕ್ಕ ಲೈನು ಕೊಡುವಾಗ ದನಿ ಒಂದೇ ಸಮ ಇರುತ್ತಿತ್ತು. ಮೇಷ್ಟ್ರಿಗೆ ಬೇಕಾದದ್ದು ಆ ದನಿ. ಅಕ್ಕನ ಯಜಮಾನರು ದರ್ಜಿ, ಆಮೇಲೆ ಪರಿಚಯವಾದಾಗ ನನ್ನ ಹತ್ತಿರ ಗೋಳು ತೋಡಿಕೊಂಡರು: "ಅಡುಗೆ ಚೆನ್ನಾಗಿದೆ ಅಂದ್ರೆ ನಂಬಲ್ಲ ಕಣ್ರೀ. ಸೊನ್ನೆಯಿಂದ ಮೂರರೊಳಗೆ ಹೇಳಿ ಅಂತಾಳೆ."

ನಾನು ಅವರ ಕೈಗೆ ಸಿಕ್ಕಿದ್ದು ಹೀಗೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ ಲಿಫ್ಟು ಓಡಾಡುವ ಬಾವಿಯೊಳಗೆ ಬಿದ್ದು ತೀರಿಹೋದ. ನಾನು ಮೇಲೆ ಇದ್ದೆ. ಕೂಗು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಅಂದಿನಿಂದ ಲಿಫ್ಟಿನ ಬಾಗಿಲು ತೆರೆದರೆ ಸಾಕು, ಬೆವರು ಕಿತ್ತುಕೊಂಡು ಬಂದು ಹಿಂದಕ್ಕೆ ಸರಿದುಬಿಡುತ್ತಿದ್ದೆ. ಕಂಪನಿಯವರು ಕರುಣೆ ತೋರಿಸಿ ಉಗ್ರಾಣದಲ್ಲಿ ಬೋಲ್ಟು ನಟ್ಟು ಬೇರೆ ಮಾಡುವ ಕೆಲಸ ಕೊಟ್ಟರು. ನನ್ನ ಕೆಲಸ ನನಗೆ ಹೆಮ್ಮೆಯದಾಗಿತ್ತು. ಅದು ಹೋದ ಮೇಲೆ ನಾನು ಯಾರಿಗೆ ಬೇಕು ಅನ್ನಿಸತೊಡಗಿತು. ಹೆಂಡತಿ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂದು ಡಾಕ್ಟರು ಆರಿಸುವಂತಿಲ್ಲ, ಕಂಪ್ಯೂಟರು ಚೀಟಿ ಎತ್ತಬೇಕು. ಮೂರನೆಯ ಮಹಡಿಯಲ್ಲಿ ಎಡಕ್ಕೊಂದು ಬಾಗಿಲು, ಬಲಕ್ಕೊಂದು ಬಾಗಿಲು. ಬಲಗಡೆ ಕೂತು ಮನಸ್ಸು ಬಿಚ್ಚಿ ಮಾತಾಡುವುದು. ಎಡಗಡೆ ಮಾತಿನ ಜೊತೆಗೆ, ಯಾವುದಕ್ಕೆ ಹೆದರುತ್ತೇವೋ ಅದರ ಹತ್ತಿರಕ್ಕೆ ಸ್ವಲ್ಪ ಸ್ವಲ್ಪವೇ ಹೋಗುವುದು. ನನ್ನ ಹಣೆಬರಹಕ್ಕೆ ಎಡಗಡೆ ಬಂತು.

ಪ್ರಶ್ನೆ ಅಕ್ಕನ ಕೋಣೆ ಮಾತ್ರ ನೆಲಮಹಡಿಯ ಹಿಂಭಾಗದಲ್ಲಿ. ಒಂದು ಮೇಜು, ಎರಡು ಕುರ್ಚಿ, ಕಿಟಕಿಯಾಚೆ ಜನರೇಟರ್ ಶೆಡ್ಡು. ಮೊದಲ ದಿನವೇ ಅಕ್ಕ ಒಂದು ಕರಾರು ಹಾಕಿದರು. "ಯಾವ ಬಾಗಿಲು, ಯಾವ ಡಾಕ್ಟರು, ಅಲ್ಲಿ ಏನು ಮಾಡಿಸ್ತಾರೆ, ಇದ್ಯಾವುದನ್ನೂ ನನ್ನ ಹತ್ರ ಹೇಳಬಾರದು."

"ಹೇಳಿದ್ರೆ ಏನಾಗುತ್ತೆ?"

"ನನ್ನ ಕಿವಿ ಒಂದು ಕಡೆ ವಾಲುತ್ತೆ. ಎಡಗಡೆಯವರು ವಾಸಿಯಾಗಲಿ ಅಂತ ಮನಸ್ಸಲ್ಲಿ ಇದ್ರೆ, ನೀವು ಎರಡು ಅಂದದ್ದು ನನಗೆ ಒಂದು ಅಂತ ಕೇಳಿಸಬಹುದು."

ಹಿಂಬದಿ ಮೆಟ್ಟಿಲಿನ ಗುಟ್ಟೂ ಅದೇ. ಅವರ ಮೇಜು ನಾಲ್ಕನೆಯ ಮಹಡಿಯಲ್ಲಿ, ಮೇಷ್ಟ್ರ ಪಕ್ಕ. ಲಿಫ್ಟಿನಲ್ಲಿ ಹೋದರೆ ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದು, ಯಾರು ಯಾವ ಕಡೆ ಕೂತಿದ್ದಾರೆ ಎಂದು ಕಣ್ಣಿಗೆ ಬಿದ್ದುಬಿಡುತ್ತದೆ. ಅದಕ್ಕೇ ಈ ಪುಣ್ಯಾತ್ಗಿತ್ತಿ, ಮುಚ್ಚಿದ ಬಾಗಿಲುಗಳ ಹಿಂದಿನ ಮೆಟ್ಟಿಲನ್ನು ಮಂಡಿ ಹಿಡಿದುಕೊಂಡು ಹತ್ತುತ್ತಿದ್ದರು. ಊಟ ಕೂಡ ಡಾಕ್ಟರುಗಳ ಜೊತೆ ಮಾಡುತ್ತಿರಲಿಲ್ಲ. ಬಾಯಿತಪ್ಪಿ ಯಾರಾದರೂ ಏನಾದರೂ ಅಂದುಬಿಟ್ಟರೆ ಎಂಬ ಭಯ.

ನಾನು ಎಡಗಡೆ ಬಾಗಿಲಿಗೆ ಕೆಲವು ವಾರ ಹೋದೆ. ಅಲ್ಲಿನ ಮೇಡಂ ಒಳ್ಳೆಯವರೇ. ಆದರೆ ಒಂದು ದಿನ, "ಇವತ್ತು ಲಿಫ್ಟಿನ ಮುಂದೆ ಸುಮ್ಮನೆ ನಿಂತುಕೊಳ್ಳೋಣ, ಒಳಗೆ ಹೋಗೋದು ಬೇಡ" ಎಂದರು. ನಾನು ಲಿಫ್ಟನ್ನೇ ರಿಪೇರಿ ಮಾಡುವವನು, ನನಗೆ ಲಿಫ್ಟು ತೋರಿಸುತ್ತೀರಾ ಎಂದು ಸಿಡುಕಿ ಮನೆಗೆ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನಿಜ ಹೇಳಬೇಕೆಂದರೆ ಭಯವಾಗಿತ್ತು.

ತಿಂಗಳು ಕಳೆದ ಮೇಲೆ ಫೋನು ಬಂತು. ಪ್ರಶ್ನೆ ಅಕ್ಕ, ಅದೇ ಸಪಾಟು ದನಿಯಲ್ಲಿ, ಪ್ರಶ್ನೆಗೆ ಯಾವಾಗ ಬರುತ್ತೀರಿ ಎಂದರು.

"ನಾನು ಬಿಟ್ಟಾಯ್ತು ಅಮ್ಮ. ನನ್ನ ಹೆಸರು ಹೊಡೆದುಹಾಕಿ."

"ಪ್ರಶ್ನೆ ಬೇಡ ಅಂದ್ರೆ ಕೇಳಲ್ಲ, ಅದು ನಿಮ್ಮಿಷ್ಟ. ಆದ್ರೆ ಹೆಸರು ಹೊಡೆಯಲ್ಲ. ಚೀಟಿ ಎತ್ತಿದ ಮೇಲೆ ನೀವು ಆ ಗುಂಪಿನವರೇ. ಬಂದ್ರೂ, ಬಿಟ್ರೂ."

"ಬಿಟ್ಟು ಹೋದವನನ್ನ ಇಟ್ಕೊಂಡು ಏನು ಮಾಡ್ತೀರಿ?"

"ಕೊನೇ ತನಕ ಉಳಿದವರನ್ನ ಮಾತ್ರ ಕೇಳಿದ್ರೆ ಯಾವ ಚಿಕಿತ್ಸೆನಾದ್ರೂ ಚಿನ್ನದ ಹಾಗೆ ಕಾಣುತ್ತೆ. ಹೋದವರು ವಾಸಿಯಾಗಿ ಹೋದ್ರೋ, ಬೇಜಾರಾಗಿ ಹೋದ್ರೋ, ಇನ್ನೂ ಕೆಟ್ಟು ಹೋದ್ರೋ, ಯಾರಾದ್ರೂ ಕೇಳಬೇಕಲ್ಲ."

ನನಗೆ ಥಟ್ಟನೆ ಅರ್ಥವಾಯಿತು. "ಮೇಲೆ ತಲುಪಿದವರನ್ನ ಮಾತ್ರ ಲಿಫ್ಟ್ ಹೇಗಿದೆ ಅಂತ ಕೇಳೋ ಹಾಗೆ. ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡವರನ್ನ ಬಿಟ್ಟು."

"ಹೂಂ, ಹಾಗೇ. ಭಾನುವಾರ ಮನೆಗೆ ಬರಲಾ?"

ಬೇಡ ಎನ್ನಬೇಕೆಂದಿದ್ದೆ. ಬಾಯಿಂದ ಬಂದದ್ದು ಬನ್ನಿ ಎಂದು.

ಬಸ್ಸಿನಲ್ಲಿ ಬಂದರು. ಹೆಂಡತಿ ಒಳಗೆ ಕೆಲಸದಲ್ಲಿದ್ದಳು, ನಾವಿಬ್ಬರು ಮುಂದಿನ ಕೋಣೆಯಲ್ಲಿ ಕೂತೆವು. ನಿದ್ದೆ ಮೂರು, ಊಟ ಎರಡು, ಭಯ ಮೂರು. ನಡುವೆ ಒಂದು ಪ್ರಶ್ನೆ ಬರುತ್ತದೆ: ಕಳೆದ ಎರಡು ವಾರದಲ್ಲಿ ಬದುಕಿದ್ದು ಏನು ಪ್ರಯೋಜನ ಅನ್ನಿಸಿತ್ತಾ. ಆವರೆಗೆ ಆ ಪ್ರಶ್ನೆಗೆ ನಾನು ಯಾವಾಗಲೂ ಸೊನ್ನೆ ಅಂದಿದ್ದೆ. ಹೆಂಡತಿ ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುತ್ತಿದ್ದೆ, ಸೂಪರ್‌ವೈಸರ್ ಕೇಳಿದರೂ ಅದನ್ನೇ. ಪಾಪ, ಅವರಿಗೆಲ್ಲ ಆ ಉತ್ತರವೇ ಬೇಕಾಗಿತ್ತು. ಬೇರೆ ಏನಾದರೂ ಅಂದರೆ ಮುಖ ಇಳಿದುಹೋಗುತ್ತಿತ್ತು. ಈಯಮ್ಮನಿಗೆ ಮಾತ್ರ ಯಾವ ಉತ್ತರವಾದರೂ ಒಂದೇ. ಒಳ್ಳೆಯ ಉತ್ತರಕ್ಕೆ ನಗುತ್ತಿರಲಿಲ್ಲ, ಕೆಟ್ಟ ಉತ್ತರಕ್ಕೆ ಹುಬ್ಬು ಏರಿಸುತ್ತಿರಲಿಲ್ಲ. ಅವರ ಮುಂದೆ ಸುಳ್ಳು ಹೇಳಿ ಯಾರನ್ನು ಸಮಾಧಾನ ಮಾಡಬೇಕಿತ್ತು? "ಮೂರು" ಎಂದೆ.

ಅಕ್ಕ ಪೆನ್ನು ಕೆಳಗಿಟ್ಟರು. ಇನ್ನೂ ಒಂದೆರಡು ಮಾತು ನೇರವಾಗಿ ಕೇಳಿದರು. ಯೋಚನೆ ಎಷ್ಟು ದೂರ ಹೋಗಿದೆ, ಏನಾದರೂ ಮಾಡಿಕೊಳ್ಳುವ ಮನಸ್ಸಿದೆಯಾ ಎಂದು. ಇದೆ ಎಂದೆ. ಆಗಲೂ ದನಿ ಎತ್ತಲಿಲ್ಲ. "ಮನೆಯವರನ್ನ ಕರೀತೀನಿ. ಮೂರೂ ಜನ ಈಗಲೇ ಆಸ್ಪತ್ರೆಗೆ ಹೋಗೋಣ. ನೀವು ಯಾರ ಹತ್ರ ಹೋಗ್ತಿದ್ರಿ?"

ಅಂಥ ಗಳಿಗೆಯಲ್ಲಿ ನನ್ನ ಮಂಡೆಗೆ ಹೊಳೆದದ್ದು ಏನು ಗೊತ್ತೇ? "ಅದನ್ನ ನಿಮಗೆ ಹೇಳಬಾರದಲ್ವಾ" ಎಂದೆ.

ಅಕ್ಕ ನನ್ನನ್ನೇ ನೋಡಿದರು. "ಈಗ ಹೇಳಿ" ಎಂದರು.

"ಎಡಗಡೆ ಬಾಗಿಲು."

ಬಾಡಿಗೆ ಕಾರಿನಲ್ಲಿ ಹೆಂಡತಿ ನನ್ನ ಕೈ ಹಿಡಿದು ಕೂತಿದ್ದಳು. ಒಂದೇ ಒಂದು ಬೈಗುಳವಿಲ್ಲ; ಅದರಿಂದಲೇ ಅವಳು ಎಷ್ಟು ಹೆದರಿದ್ದಾಳೆಂದು ಗೊತ್ತಾಯಿತು. ಮುಂದಿನ ಸೀಟಿನಲ್ಲಿ ಅಕ್ಕ ಫೋನು ಹಚ್ಚಿ ಮೇಡಂ ಅವರನ್ನು ಮನೆಯಿಂದ ಕರೆಸಿದರು. ಆಸ್ಪತ್ರೆಯಲ್ಲಿ ನಾನು ಲಿಫ್ಟು ಹತ್ತುವ ಹಾಗಿರಲಿಲ್ಲ. ಅಕ್ಕ ನನ್ನ ಜೊತೆ ಮುಂದಿನ ಮೆಟ್ಟಿಲನ್ನೇ ಹತ್ತಿದರು. ಅಷ್ಟು ಕಾಲ ಕಣ್ಣು ತಪ್ಪಿಸಿಕೊಂಡು ಬಂದಿದ್ದ ಮೂರನೆಯ ಮಹಡಿಗೆ ಬಂದು, ತಮ್ಮ ಕೈಯಿಂದಲೇ ಎಡಗಡೆ ಬಾಗಿಲು ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ಮೇಲೆ ನಿಮ್ಮನ್ನ ಪ್ರಶ್ನೆ ಕೇಳೋಕೆ ನಾನು ಬರೋ ಹಾಗಿಲ್ಲ. ಬೇರೆಯವರು ಬರ್ತಾರೆ. ಅವರಿಗೂ ಹೇಳಬೇಡಿ" ಎಂದು ಹೊರಟುಹೋದರು. ಆ ಬಾಗಿಲಿನ ಮುಂದೆ ನನಗೆ ಅಳು ಬಂದದ್ದು ಗೆಳೆಯನಿಗಾಗಿಯೋ ಈ ಹೆಂಗಸಿಗಾಗಿಯೋ ಈಗಲೂ ಗೊತ್ತಿಲ್ಲ.

ಕೆಲವು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು, ಆಮೇಲೆ ವಾರವಾರ ಕರೆದರು. ನಾನು ಬಿಟ್ಟು ಹೋದದ್ದಕ್ಕೆ ಎಡಗಡೆ ಮೇಡಂ ಒಂದು ಮಾತೂ ಅನ್ನಲಿಲ್ಲ. ಲಿಫ್ಟಿನ ಮುಂದೆ ನಿಂತೆವು. ಇನ್ನೊಂದು ದಿನ ಒಳಗೆ ಕಾಲಿಟ್ಟೆವು. ನನಗಿಂತ ಮೇಡಮ್ಮೇ ಹೆಚ್ಚು ಬೆವತಿದ್ದರು ಎಂದು ನನ್ನ ಹೆಂಡತಿ ಈಗಲೂ ಎಲ್ಲರಿಗೂ ಹೇಳಿಕೊಂಡು ನಗುತ್ತಾಳೆ. ಗೆಳೆಯನ ಮಾತು ಆಡಿದೆ, ಬಹಳ ಆಡಿದೆ. ಒಂದು ದಿನ ಕಂಪನಿಗೆ ಹೋಗಿ ಬೆಲ್ಟು ಕಟ್ಟಿಕೊಂಡು ಬಾವಿಗೆ ಇಳಿದು ಮೇಲೆ ಬಂದಾಗ, ಸೂಪರ್‌ವೈಸರ್ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ.

ಪರೀಕ್ಷೆ ಮುಗಿದ ಮೇಲೆ ಫಲಿತಾಂಶ ಏನಾಯಿತು ಎಂದು ಮೇಡಂ ಹೇಳಿದರು. ಎಡಗಡೆ ಬಾಗಿಲು ಸ್ವಲ್ಪ ಮೇಲು, ಆದರೆ ಅವರು ಆಸೆಪಟ್ಟಷ್ಟಲ್ಲ. ಬಿಟ್ಟು ಹೋದವರನ್ನು ತೆಗೆದರೆ ಅಂತರ ದೊಡ್ಡದಾಗಿ ಕಾಣುತ್ತದೆ ಎಂದು ಯಾರೋ ಅಂದಾಗ ಲೆಕ್ಕದ ಮೇಷ್ಟ್ರು ಒಪ್ಪಲಿಲ್ಲವಂತೆ. ನನ್ನ ಆ ಭಾನುವಾರದ ಮೂರುಗಳೆಲ್ಲ ಎಡಗಡೆಯ ಪಾಲಿಗೇ ಹೋಗಿ ಕೂತಿದ್ದವು.

"ನನ್ನಿಂದ ನಿಮ್ಮ ಲೆಕ್ಕ ಕೆಟ್ಟಿತಾ?" ಎಂದು ಕೇಳಿದೆ.

"ನಿಮ್ಮನ್ನ ಬಿಟ್ಟಿದ್ರೆ ನಾವು ಚೆನ್ನಾಗಿ ಕಾಣ್ತಿದ್ವಿ, ಅಷ್ಟೆ. ಆದ್ರೆ ನಿಮ್ಮನ್ನ ಬಿಟ್ಟಿದ್ರೆ..." ಎಂದವರು ನನ್ನ ಫೈಲು ಮುಚ್ಚಿಟ್ಟರು. ಮುಂದಿನದು ಇಬ್ಬರಿಗೂ ಗೊತ್ತಿತ್ತು.

ಅಕ್ಕನಿಗೆ ಒಂದು ಮಾತು ಹೇಳಬೇಕೆಂದು ನನ್ನ ಜೀವ ಚಡಪಡಿಸುತ್ತಿತ್ತು. ಸಿಕ್ಕಾಗಲೆಲ್ಲ ಬಾಯಿ ತೆಗೆದರೆ ಸಾಕು, ಅಂಗೈ ಎತ್ತಿ ತಡೆದುಬಿಡುತ್ತಿದ್ದರು. "ಇನ್ನೂ ಬೇರೆ ಪರೀಕ್ಷೆ ನಡೀತಿದೆ. ಇಲ್ಲಿ ಕೂತವರ ಮುಂದೆ ಯಾವ ಬಾಗಿಲನ್ನೂ ಹೊಗಳಬೇಡಿ." ಒಮ್ಮೆ ಸಿಟ್ಟು ಬಂದು, "ನಾನು ಬಾಗಿಲನ್ನ ಹೊಗಳ್ತಿಲ್ಲ, ನಿಮ್ಮನ್ನ ಹೊಗಳ್ತಿದೀನಿ" ಎಂದೆ. "ಅದಂತೂ ಬೇಡವೇ ಬೇಡ" ಎಂದು ಹಿಂಬದಿ ಮೆಟ್ಟಿಲು ಹತ್ತಿಬಿಟ್ಟರು.

ಮೊನ್ನೆ ಅವರ ಕೆಲಸದ ಕೊನೆಯ ದಿನ. ಆ ಆಸ್ಪತ್ರೆಯ ಲಿಫ್ಟು ಈಗ ನನ್ನ ಉಸ್ತುವಾರಿಯಲ್ಲೇ ಇದೆ. ನಾನೇ ಬೇಡಿ ಹಾಕಿಸಿಕೊಂಡದ್ದು. ಅಕ್ಕ ಎಂದಿನ ಹಾಗೆ ಹಿಂದಕ್ಕೆ ಹೊರಟಿದ್ದರು. ಅಡ್ಡ ನಿಂತೆ.

"ಇವತ್ತು ನಿಮಗೆ ಯಾವ ಪರೀಕ್ಷೆನೂ ಇಲ್ಲ. ಬನ್ನಿ ಈ ಕಡೆ."

"ಅಭ್ಯಾಸ ಆಗಿಹೋಗಿದೆ ಕಣಪ್ಪ."

"ನಿಮ್ಮ ಮಂಡಿನೂ ಒಂದು ಮಾತು ಕೇಳಿ. ಸೊನ್ನೆಯಿಂದ ಮೂರರೊಳಗೆ."

ಬಂದರು. ಬಾಗಿಲು ಮುಚ್ಚಿತು, ಪೆಟ್ಟಿಗೆ ಮೇಲೇರಿತು, ಬಾವಿಯೊಳಗೆ ಹಗ್ಗದ ಸದ್ದು ನನಗೆ ಕೇಳಿಸುತ್ತಿತ್ತು. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದುಕೊಂಡಿತು. ಅಕ್ಕ ಸರಕ್ಕನೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟರು.

"ಅಕ್ಕ, ಈಗ ನೋಡಬಹುದು" ಎಂದೆ.

ನಿಧಾನಕ್ಕೆ ತಿರುಗಿದರು. ಎಡಗಡೆ ಬಾಗಿಲು, ಬಲಗಡೆ ಬಾಗಿಲು, ಬೆಂಚುಗಳ ಮೇಲೆ ಕಾಯುತ್ತಾ ಕೂತ ಜನ. ಎಲ್ಲರನ್ನೂ ಒಂದು ಸಲ ಕಣ್ತುಂಬ ನೋಡಿದರು. ಬಾಗಿಲು ಮುಚ್ಚಿಕೊಂಡ ಮೇಲೆ ನಾನು ಬಾಯಿ ತೆಗೆದೆ. ಅಂಗೈ ಮೇಲೆದ್ದಿತು. ಆಮೇಲೆ ಅದನ್ನು ಅವರೇ ಕೆಳಗಿಳಿಸಿ, ಆ ಸಪಾಟು ದನಿಯಲ್ಲೇ ಕೇಳಿದರು:

"ಕಳೆದ ಎರಡು ವಾರದಲ್ಲಿ, ಬದುಕಿದ್ದು ಏನು ಪ್ರಯೋಜನ ಅನ್ನಿಸಿತ್ತಾ?"

"ಸೊನ್ನೆ" ಎಂದೆ. "ಅಕ್ಕ, ಖಂಡಿತ ಸೊನ್ನೆ."

ಅವರು ನಕ್ಕರು. ಅಷ್ಟು ವರ್ಷದಲ್ಲಿ ನನ್ನ ಉತ್ತರವೊಂದಕ್ಕೆ ಅವರು ನಕ್ಕದ್ದು ಅದೇ ಮೊದಲು. ನಾಲ್ಕನೆಯ ಮಹಡಿ ಬಂದು ಬಾಗಿಲು ತೆರೆದರೂ ಇಬ್ಬರೂ ಇಳಿಯದೆ, ಕಣ್ಣೊರೆಸಿಕೊಳ್ಳುತ್ತಾ ಅಲ್ಲೇ ನಿಂತಿದ್ದೆವು.