ಗೋಡೆಯಾಚೆಯ ಕೋಳಿ ಪಲ್ಯ

ಮೊನ್ನೆ ಮಂಗಳವಾರ ಸಂಜೆ ಆರೂವರೆಯ ಹೊತ್ತಿಗೆ ಕೆಳಗಿನ ಮನೆಯಿಂದ ಕೋಳಿ ಬೇಯುವ ವಾಸನೆ ಬಂತು. ಬರೀ ಕೋಳಿಯಲ್ಲ, ಜೊತೆಗೆ ಮೆಂತ್ಯಸೊಪ್ಪು. ನೀವಾಗಿದ್ದರೆ ಹಸಿವಾಯಿತು ಎನ್ನುತ್ತಿದ್ದಿರಿ. ನಾನು ಎದ್ದು ಹೋಗಿ ಕಟಕಟೆಯಿಂದ ಕೆಳಗೆ ಬಗ್ಗಿ ನೋಡಿದೆ. ಬೀಗರು ನೆಂಟರ ಗಾಡಿ ಯಾವುದೂ ನಿಂತಿರಲಿಲ್ಲ. ಹಬ್ಬವಲ್ಲ, ರವಿವಾರವಲ್ಲ. ಕುಕ್ಕರಿನ ಸೀಟಿ ಒಂದೂ ಕೇಳಿರಲಿಲ್ಲ, ಅಂದರೆ ಅನ್ನಕ್ಕಿಟ್ಟಿಲ್ಲ. ಅರ್ಧ ತಾಸಿನೊಳಗೆ ತಟ್ಟೆಗಳ ಸದ್ದು. ಆ ಮನೆಯಲ್ಲಿ ಯಾರಿಗೋ ಏನೋ ಆಗಿದೆ, ಅದನ್ನು ಮುಚ್ಚಿಡುತ್ತಿದ್ದಾರೆ ಎಂದು ತೀರ್ಮಾನಿಸಿ ಒಳಗೆ ಬಂದೆ.

ಮನೆಯವಳು ನಕ್ಕಳು. ಈಗಿನವರು ತೂಕ ಇಳಿಸಲು ಅನ್ನ ರೊಟ್ಟಿ ಬಿಟ್ಟು ಹೀಗೇ ಉಣ್ಣುತ್ತಾರಂತೆ. ದಿನಾ ಸಂಜೆ ಕೆಲಸದಿಂದ ಬಂದು ಇಪ್ಪತ್ತು ನಿಮಿಷದಲ್ಲಿ ಮಾಡಿ ಮುಗಿಸುತ್ತಾರಂತೆ. ಅದರಲ್ಲಿ ಮುಚ್ಚಿಡುವುದೇನಿದೆ ಎಂದಳು. ಇರಬಹುದು. ಆದರೆ ರೊಟ್ಟಿಯಿಲ್ಲದ ಕೋಳಿಯ ವಾಸನೆ ಬಂದರೆ ನನಗೆ ಇವತ್ತಿಗೂ ಸಂಶಯ ಬರುತ್ತದೆ. ಅದಕ್ಕೆ ಕಾರಣವಿದೆ. ಕಾರಣ ನನಗೆ ಅಷ್ಟೇನೂ ಗೌರವ ತರುವಂಥದ್ದಲ್ಲ.

ಅರವತ್ತರ ದಶಕದ ಕೊನೆಯ ವರ್ಷಗಳು. ನಾನು ಗಡಿಯಾಚೆಯ ಜತ್ತದಲ್ಲಿ ಒಂದು ಕನ್ನಡ ದಿನಪತ್ರಿಕೆಯ ಬಾತ್ಮೀದಾರ. ತಾಲೂಕಿನ ಸುದ್ದಿಯನ್ನು ಲಕೋಟೆಯಲ್ಲಿ ಹಾಕಿ ಮಧ್ಯಾಹ್ನದ ಎಸ್.ಟಿ. ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ನನ್ನ ದಿನ ಮುಗಿಯುತ್ತಿತ್ತು. ಬಾಡಿಗೆಗೆ ಹಿಡಿದದ್ದು ಒಂದೇ ಖೋಲಿ. ಅದಕ್ಕೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ, ಅದೂ ಮೇಲಿನ ತಗಡಿನ ತನಕ ಹೋಗಿರಲಿಲ್ಲ; ಒಂದು ಮೊಳದಷ್ಟು ಸಂದು ಬಿಟ್ಟಿದ್ದರು. ಆ ಸಂದಿನಿಂದ ಪಕ್ಕದ ಮನೆಯ ಹೊಗೆ, ವಾಸನೆ, ಮಾತು ಎಲ್ಲ ನನ್ನ ಖೋಲಿಗೆ ಬರುತ್ತಿದ್ದವು. ಪಕ್ಕದಲ್ಲಿ ಮೂರು ಜನ: ಕಂಬಳಿ ಮಾರುವ ಮಾಳಪ್ಪ, ಅವನ ಹೆಂಡತಿ ಕಲ್ಲವ್ವ, ಲಗ್ನಕ್ಕೆ ಬಂದ ಮಗಳು ಶೇವಂತಾ.

ಸಂಜೆ ಆ ಊರಿನ ಯಾವ ಓಣಿಯಲ್ಲಿ ನಿಂತರೂ ರೊಟ್ಟಿ ಬಡಿಯುವ ಸಪ್ಪಳ. ಯಾವ ಮನೆಯಲ್ಲಿ ಎಷ್ಟು ಬಾಯಿ, ಬೀಗರು ಬಂದಿದ್ದಾರೋ ಇಲ್ಲವೋ, ಇವತ್ತು ಬಡಿಯುತ್ತಿರುವುದು ಅತ್ತೆಯೋ ಸೊಸೆಯೋ, ಸೊಸೆಗೆ ಸಿಟ್ಟು ಬಂದಿದೆಯೋ ಎಂಬುದೆಲ್ಲ ಆ ಸಪ್ಪಳದಲ್ಲೇ ಓಣಿಗೆ ತಿಳಿಯುತ್ತಿತ್ತು. ಒಂದು ಸಂಜೆ ಸಪ್ಪಳ ಕೇಳಿಸದ ಮನೆಗೆ ಮರುದಿನ ಬೆಳಿಗ್ಗೆ ಯಾರಾದರೊಬ್ಬರು ಕೆಂಡ ಕೇಳುವ ನೆಪ ಮಾಡಿಕೊಂಡು ಬರುವುದು ನಿಶ್ಚಿತ. ಕೆಂಡ ಸಿಗದಿದ್ದರೂ ಅವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ.

ಮಾಳಪ್ಪನ ಮನೆಯಿಂದ ದಿನಾ ಸಪ್ಪಳ ಬರುತ್ತಿತ್ತು. ಬರದಿದ್ದದ್ದು ರೊಟ್ಟಿಯ ವಾಸನೆ. ಜೋಳದ ರೊಟ್ಟಿ ಹಂಚಿನ ಮೇಲೆ ಬಿದ್ದು, ನೀರು ಸವರಿಸಿಕೊಂಡು, ಮಗ್ಗುಲು ಬದಲಿಸಿ, ಕೆಂಡದ ಎದುರು ಉಬ್ಬಿದಾಗ ಒಂದು ವಾಸನೆ ಹುಟ್ಟುತ್ತದೆ. ಆ ನಾಡಿನಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೂರು ವಾರ ದಿನಾ ಸಂಜೆ ಮೂಗು ಕೊಟ್ಟು ಕಾದೆ. ಬರಲಿಲ್ಲ. ಬಂದದ್ದು ಕೋಳಿಯ ವಾಸನೆ: ಸೋಮವಾರ, ಗುರುವಾರ, ಶನಿವಾರ ಬಿಟ್ಟು, ವಾರಕ್ಕೆ ಎರಡು ಸಲ, ಕೆಲವೊಮ್ಮೆ ಮೂರು. ಬೀಗರು ಬಂದರೆ ಅಥವಾ ಹರಕೆಯಿದ್ದರೆ ಕೋಳಿ ಕೊಯ್ಯುವ ಜನ ಅವರು. ಕೆಲಸದ ದಿನ ಸಂಜೆ, ಬೀಗರಿಲ್ಲದೆ, ಕಂಬಳಿ ಮಾರುವವನ ಮನೆಯಲ್ಲಿ ಕೋಳಿ ಎಂದರೆ ಏನರ್ಥ?

ನಾನು ಅರ್ಥ ಹಚ್ಚಿದೆ. ಆ ತಿಂಗಳು ಕುಣಿಕೋಣೂರ ಕಡೆ ಕುರಿ ಕಳುವಾಗಿದ್ದವು, ಕಳ್ಳ ಸಿಕ್ಕಿರಲಿಲ್ಲ. ಮಾಳಪ್ಪನ ವ್ಯವಹಾರ ಉಣ್ಣೆಯದು. ಅವನ ಮನೆಯಲ್ಲಿ ನಾಲ್ಕನೆಯವನೊಬ್ಬ ಅಡಗಿದ್ದಾನೆ, ಅವನಿಗಾಗಿಯೇ ಈ ಕೋಳಿ ಎಂದು ಒಂದು ಮಧ್ಯಾಹ್ನ ಖಾನಾವಳಿಯಲ್ಲಿ ಉಣ್ಣುತ್ತ ಉಣ್ಣುತ್ತ ನನಗೆ ಹೊಳೆಯಿತು. ಶೀರ್ಷಿಕೆ ಕೂಡ ಸಿದ್ಧವಾಯಿತು. ಸುದ್ದಿಯೊಂದು ಇರಲಿಲ್ಲ, ಅಷ್ಟೆ.

ಇಬ್ಬರ ಬಾಯಿಂದ ಕೇಳದೆ ಒಂದು ಸಾಲನ್ನೂ ಬರೆಯಬಾರದೆಂದು ನಮ್ಮ ಸಂಪಾದಕರು ಕಲಿಸಿದ್ದರು. ಹಾಗಾಗಿ ದಸ್ತಗೀರ ಮುಲ್ಲಾನ ಬಳಿ ಹೋದೆ. ನಮ್ಮ ಕಡೆ ಕೋಳಿ ಯಾವ ಜಾತಿಯವರ ಮನೆಯದಾದರೂ ಅದರ ಕುತ್ತಿಗೆಗೆ ಕತ್ತಿಯಿಡುವ ಕೈ ಮುಲ್ಲಾನದೇ. ಯಾವ ಮನೆಯ ಎಷ್ಟು ಕೋಳಿ ಎಂಬ ಲೆಕ್ಕ ಅವನ ತಲೆಯಲ್ಲಿತ್ತು. ಮಾಳಪ್ಪನ ಮನೆಯ ವಿಷಯ ತೆಗೆದೆ. ಅವನು ಕತ್ತಿಯನ್ನು ಕಲ್ಲಿಗೆ ತಿಕ್ಕುತ್ತಲೇ ಇದ್ದ.

“ನನ್ನ ಕೈಗೆ ಕೋಳಿ ಬರ್ತಾವ್ರಿ, ಬಾತ್ಮೀದಾರ ಸಾಹೇಬ್ರ. ಕಾರಣ ಬರೂದಿಲ್ಲ.”

ಇದು ನನ್ನ ಸಂಶಯವನ್ನು ಹೆಚ್ಚಿಸಿತು. ಏನೂ ಇಲ್ಲದಿದ್ದರೆ ಇಲ್ಲ ಎನ್ನುತ್ತಿದ್ದನಲ್ಲವೆ? ಮರುದಿನ ಸಂಜೆ, ಇನ್ನೂ ಬೆಳಕಿರುವಾಗಲೇ, ಸ್ಟೂಲಿನ ಮೇಲೆ ಹತ್ತಿ ಗೋಡೆಯ ಸಂದಿನಿಂದ ಪಕ್ಕದ ಮನೆಯೊಳಗೆ ನೋಡಿದೆ. ಪತ್ರಿಕಾ ವೃತ್ತಿಯ ಹೆಸರಿನಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಇದನ್ನು ಹೇಳುವಾಗ ಈಗಲೂ ನಾಚಿಕೆಯಾಗುತ್ತದೆ.

ನಾಲ್ಕನೆಯವನು ಯಾರೂ ಇರಲಿಲ್ಲ. ಕಲ್ಲವ್ವ ಒಲೆಯ ಮುಂದೆ. ಮಾಳಪ್ಪ ಗೋಡೆಗೊರಗಿ, ಅರಿವೆ ಸುತ್ತಿದ ಒಂದು ಕಾಲು ಚಾಚಿ ಕುಳಿತಿದ್ದ. ಅವನ ಮುಂದಿನ ತಾಟಿನಲ್ಲಿ ರೊಟ್ಟಿಯಿರಲಿಲ್ಲ. ಶೇವಂತಾ ಹಿಟ್ಟಿನ ಮುದ್ದೆಯೊಂದನ್ನು ಕಲ್ಲಿನ ಮೇಲೆ ಬಡಿಯುತ್ತಿದ್ದಳು. ರೊಟ್ಟಿ ಅಗಲವಾಗುತ್ತಲೇ ಅದನ್ನು ಮಡಿಚಿ ಮತ್ತೆ ಮುದ್ದೆ ಮಾಡಿದಳು. ಮತ್ತೆ ಬಡಿದಳು. ಮತ್ತೆ ಮುದ್ದೆ ಮಾಡಿದಳು. ಒಲೆಯ ಮೇಲೆ ಹಂಚೇ ಇರಲಿಲ್ಲ. ಮೂರನೆಯ ಸಲ ಬಡಿಯುವಾಗ ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿದಳು. ಬಡಿಯುವುದನ್ನು ನಿಲ್ಲಿಸಲಿಲ್ಲ. ನಾನು ಇಳಿದೆ.

ಸ್ವಲ್ಪ ಹೊತ್ತಿಗೆ ಕಲ್ಲವ್ವ ಒಂದು ಬಟ್ಟಲು ಹಿಡಿದು ನನ್ನ ಬಾಗಿಲಿಗೆ ಬಂದಳು. ಬಯ್ಯುತ್ತಾಳೆಂದುಕೊಂಡೆ. ಬಟ್ಟಲನ್ನು ನನ್ನ ಮೇಜಿನ ಮೇಲಿದ್ದ ಕಾಗದಗಳ ಮೇಲೇ ಇಟ್ಟಳು.

“ನೋಡೀರಿ ಅಂದಮ್ಯಾಲ ಉಣ್ರಿ. ಉಂಡ ಮ್ಯಾಲ ಸುಮ್ಮನಿರ್ರಿ.”

ಆಮೇಲೆ ಹೊಸ್ತಿಲ ಮೇಲೆ ಕುಳಿತು ಎಲ್ಲ ಹೇಳಿದಳು. ಮಾಳಪ್ಪನ ಕಾಲಿಗೆ ಜಾಲಿಮುಳ್ಳು ಚುಚ್ಚಿ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಮಿರಜಿನ ದವಾಖಾನೆಗೆ ಒಯ್ದರೆ ಸಕ್ಕರೆ ಬೇನೆ ಎಂದರು. ಗುಳಿಗೆ ಕೊಟ್ಟು, ರೊಟ್ಟಿ, ಅನ್ನ, ಬೆಲ್ಲ ಬಿಡಿಸಿದರು. ಕೋಳಿ, ತತ್ತಿ, ಸೊಪ್ಪು, ಕಾಯಿಪಲ್ಯ ಎಷ್ಟಾದರೂ ತಿನ್ನಲಿ, ರೊಟ್ಟಿ ತಿಂದರೆ ಕಾಲು ಹೋಗುತ್ತದೆ ಎಂದರು. ಹಗಲು ಅವನು ಹೊರಗಿರುತ್ತಾನೆ, ತಾಯಿ ಮಗಳು ಆಗ ರೊಟ್ಟಿ ತಿನ್ನುತ್ತಾರೆ. ಸಂಜೆ ಮಾತ್ರ ಯಾರ ತಾಟಿನಲ್ಲೂ ರೊಟ್ಟಿ ಇರಕೂಡದು. ಕಂಡರೆ ಅವನ ಕೈ ತಡೆಯುವುದಿಲ್ಲ. ಹಾಗಾದರೆ ಸಪ್ಪಳ ಯಾಕೆ ಎಂದು ಕೇಳಿದೆ. ಸೋನ್ಯಾಳದಿಂದ ಶೇವಂತಾಳಿಗೆ ಸಂಬಂಧ ಬಂದಿತ್ತು. ಆ ಬೇನೆ ವಂಶಕ್ಕೆ ಇಳಿಯುತ್ತದೆ ಎಂಬುದು ಆಗಲೇ ಜನರ ಬಾಯಲ್ಲಿತ್ತು. ಸಪ್ಪಳ ನಿಂತರೆ ಓಣಿ ಕೇಳುತ್ತದೆ, ಓಣಿ ಕೇಳಿದ್ದು ಸೋನ್ಯಾಳಕ್ಕೆ ಮುಟ್ಟುತ್ತದೆ. ಬಡಿದ ಹಿಟ್ಟು ಮರುದಿನ ಕೋಳಿಗಳ ಪಾಲು.

ಪಲ್ಯ ಚೆನ್ನಾಗಿತ್ತು. ಅದನ್ನು ಇಲ್ಲಿ ದಾಖಲಿಸಬೇಕು. ಎಳೆಯ ಕೋಳಿಯನ್ನು ಸಣ್ಣ ಸಣ್ಣದಾಗಿ ಕಡಿದು, ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಅರೆದು ಹಚ್ಚಿ, ಬೋಗೋಣಿಯಲ್ಲಿ ಬಿಸಿ ಎಣ್ಣೆಗೆ ಹಾಕುವುದು. ಅರ್ಧ ಬೆಂದಾಗ ಹೀರೆಕಾಯಿ, ಬದನೆಕಾಯಿ, ಕೊನೆಗೆ ಒಂದು ಹಿಡಿ ಮೆಂತ್ಯಸೊಪ್ಪು. ರಸ ಗಟ್ಟಿಯಾಗಲು ಎಲ್ಲರೂ ಹಾಕುವ ಹಿಟ್ಟು ಇಲ್ಲ. ದಿನವಿಡೀ ಉಣ್ಣೆ ನೂತು ಬಂದವಳಿಗೆ ಅಡಿಗೆಗೆ ವೇಳೆಯೂ ಇರಲಿಲ್ಲ. ಒಲೆಗೆ ತೊಗರಿ ಕಟ್ಟಿಗೆ. ಅದು ಭಗ್ಗನೆ ಹತ್ತಿ ಭಗ್ಗನೆ ಆರುತ್ತದೆ. ಒಂದು ಕಟ್ಟು ಉರಿಯುವಷ್ಟರಲ್ಲಿ ಅಡಿಗೆ ಆಗಬೇಕು, ಆಗುತ್ತಿತ್ತು.

ಅಲ್ಲಿಂದ ಮುಂದೆ ಕೋಳಿ ಬೆಂದ ಸಂಜೆಗಳಲ್ಲಿ ನನಗೂ ಒಂದು ಬಟ್ಟಲು ಬರುತ್ತಿತ್ತು. ಮಾಳಪ್ಪನ ಜೊತೆ ಕಟ್ಟೆಯ ಮೇಲೆ ಕೂರುವುದೂ ರೂಢಿಯಾಯಿತು. ಒಳಗೆ ಮಗಳು ಹುಸಿರೊಟ್ಟಿ ಬಡಿಯುವಾಗ ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. “ನಾ ಈಗ ಸಪ್ಪಳಾನ ಉಂಡ ಏಳ್ತೀನ್ರಿ,” ಎಂದು ಒಂದು ಸಲ ಅಂದ. ಶೇವಂತಾ ಮಾತ್ರ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಸ್ಟೂಲಿನ ಸಂಗತಿಯನ್ನು ಆಕೆ ಮರೆತಿಲ್ಲ ಎಂದುಕೊಂಡೆ.

ಸೋನ್ಯಾಳದ ಹುಡುಗನ ಕಾಕಾ ಅಮಗೊಂಡ ಒಂದು ದಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನನ್ನನ್ನು ಹುಡುಕಿಕೊಂಡು ಬಂದ. ಮಿತಭಾಷಿ. ನಮ್ಮ ಪತ್ರಿಕೆಯನ್ನು ದಿನಾ ಓದುತ್ತೇನೆ, ಅದಕ್ಕೇ ಬೇರೆ ಯಾರನ್ನೂ ಕೇಳದೆ ನಿಮ್ಮ ಹತ್ತಿರ ಬಂದೆ ಎಂದ. ಮಾಳಪ್ಪನ ಕಾಲಿನ ಅರಿವೆ ಅವನ ಕಣ್ಣಿಗೂ ಬಿದ್ದಿತ್ತು. ಆ ಮನೆಯಲ್ಲಿ ನಾವು ತಿಳಿಯಬೇಕಾದದ್ದು ಏನಾದರೂ ಇದೆಯೇ ಎಂದು ಕೇಳಿದ.

“ಮನಿ ಚಲೋ ಅದ್ರಿ,” ಅಂದೆ. “ನಾ ಗೋಡಿ ಆಚಿ ಇರಾಂವ. ಏನರೆ ಇದ್ದಿದ್ರ ನನಗ ಮೊದಲ ಗೊತ್ತಾಗ್ತಿತ್ತು.”

ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಅವರನ್ನೇ ಕೇಳಿ ಎನ್ನಬಹುದಿತ್ತು. ಎರಡೂ ಬಿಟ್ಟು, ನನ್ನ ವೃತ್ತಿಯ ತೂಕವನ್ನೆಲ್ಲ ಹೇರಿ ಸುಳ್ಳು ಹೇಳಿದೆ. ಹುಡುಗಿಯ ಒಳ್ಳೆಯದಕ್ಕೆ ಎಂದು ಆಗ ಸಮಾಧಾನ ಮಾಡಿಕೊಂಡೆ. ಆ ಸಮಾಧಾನದ ಮೇಲೂ ನನಗೆ ಸಂಶಯವಿದೆ. ಎಷ್ಟೋ ಸಂಜೆ ಆ ಮನೆಯ ಬಟ್ಟಲು ತೊಳೆದು ಕೊಟ್ಟಿದ್ದೆ.

ಮಾತುಕತೆ ಮುಗಿಸಲು ಅಮಗೊಂಡನೂ ಇನ್ನಿಬ್ಬರು ಹಿರಿಯರೂ ಒಂದು ಬುಧವಾರ ಸಂಜೆ ಬಂದರು. ಅವತ್ತು ಹಂಚು ಒಲೆಯೇರಿತು, ನಿಜವಾದ ರೊಟ್ಟಿಯ ವಾಸನೆ ಬಂತು. ಬೀಗರ ಎದುರು ಸಂಶಯ ಬಾರದಂತೆ ಮಾಳಪ್ಪ ಒಂದು ರೊಟ್ಟಿ, ಒಂದೇ ಒಂದು, ಉಣ್ಣಬೇಕೆಂದು ಕಲ್ಲವ್ವ ನಿಶ್ಚಯಿಸಿದ್ದಳು. ಸಾಲಿನಲ್ಲಿ ನನ್ನನ್ನೂ ಕೂರಿಸಿದರು. ಶೇವಂತಾ ಬಡಿಸಿದಳು.

ಮಾಳಪ್ಪ ಮೊದಲ ರೊಟ್ಟಿಯನ್ನು ನಿಧಾನವಾಗಿ ಉಂಡ. ಎರಡನೆಯದನ್ನು ತಾನೇ ಕೇಳಿ ಹಾಕಿಸಿಕೊಂಡ. ಬೀಗರು ಮಳೆ, ಕುರಿ, ರಸ್ತೆ ಎಂದು ಮಾತಾಡುತ್ತಿದ್ದರು, ಅವನಿಗೆ ಕೇಳುತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ಕಲ್ಲವ್ವ ಕೆಮ್ಮಿದಳು. ಅವನು ಮೂರನೆಯ ರೊಟ್ಟಿಗೆ ಬುಟ್ಟಿಗೇ ಕೈ ಹಾಕಿದ. ಅವನ ಮುಖದಲ್ಲಿ ಅಂಥ ಸುಖವನ್ನು ನಾನು ನೋಡಿರಲಿಲ್ಲ. ಮುರಿದು ಒಂದು ತುತ್ತು ಎತ್ತಿದ್ದ. ಶೇವಂತಾ ಬಗ್ಗಿ ಅವನ ತಾಟಿನಿಂದ ರೊಟ್ಟಿಯನ್ನು ತೆಗೆದಳು. ಆಮೇಲೆ ಬೆರಳ ನಡುವಿನ ತುತ್ತನ್ನೂ ತೆಗೆದುಕೊಂಡಳು.

“ಸಾಕ, ಅಪ್ಪಾ.”

ಬೀಗರ ಎದುರಿಗೆ ಮಗಳು ತಂದೆಯ ತಾಟಿನಿಂದ ತುತ್ತು ಕಸಿದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅಮಗೊಂಡ ಉಣ್ಣುವುದನ್ನು ನಿಲ್ಲಿಸಿ ಯಾಕವ್ವಾ ಎಂದ.

“ಸಕ್ಕರಿ ಬ್ಯಾನಿ ಅದ್ರಿ ಕಾಕಾ. ರೊಟ್ಟಿ ತಿಂದ್ರ ಕಾಲ ಹೋಗತದ. ನಾವು ಸಂಜಿಕ ರೊಟ್ಟಿ ಮಾಡೂದಿಲ್ಲ. ಓಣ್ಯಾಗ ಕೇಳ್ಲಿ ಅಂತ ಬರೇ ಬಡೀತೀನಿ.” ಆಮೇಲೆ ಸೇರಿಸಿದಳು: “ನನ್ನ ಲಗ್ನ ಆಗೂ ತನಕ ಬಡೀ ಅಂದಾಳ ಅವ್ವ. ಅಲ್ಲೀತನಕ ಅಪ್ಪನ ಕಾಲ ಉಳೀಬೇಕಲ್ರಿ.”

ಮಾಳಪ್ಪ ತಲೆ ತಗ್ಗಿಸಿದ. ಬಾಗಿಲ ಮರೆಯಲ್ಲಿ ಕೆಮ್ಮು ನಿಂತಿತು. ಅಮಗೊಂಡ ಹುಡುಗಿಯನ್ನು ನೋಡಲಿಲ್ಲ, ತಂದೆಯನ್ನೂ ನೋಡಲಿಲ್ಲ. ಕತ್ತು ಹೊರಳಿಸಿ ನನ್ನನ್ನು ನೋಡಿದ.

“ಗೋಡಿ ಆಚಿ ಇರಾಂವ ಅಂದಿದ್ರಿ,” ಎಂದ.

ಅವನು ತನ್ನ ತಾಟಿನಲ್ಲಿದ್ದುದನ್ನು ಒಂದು ಚೂರೂ ಬಿಡದೆ ಉಂಡ; ಆದರೆ ಮತ್ತೆ ರೊಟ್ಟಿ ಹಾಕಿಸಿಕೊಳ್ಳಲಿಲ್ಲ, ಪಲ್ಯವನ್ನಷ್ಟೇ ಕೇಳಿದ. ಕೈ ತೊಳೆದು, ಹೊರಗೆ ಕಟ್ಟೆಯ ಮೇಲೆ ತನ್ನ ಇಬ್ಬರು ಹಿರಿಯರ ಜೊತೆ ಬಹಳ ಹೊತ್ತು ಮಾತಾಡಿದ. ಒಬ್ಬನಿಗೆ ಮನಸ್ಸಿರಲಿಲ್ಲ ಎಂಬುದು ಅವನು ರುಮಾಲು ಕೊಡವಿದ ರೀತಿಯಲ್ಲೇ ತಿಳಿಯುತ್ತಿತ್ತು. ಕೊನೆಗೆ ಅಮಗೊಂಡ ಬಾಗಿಲಿಗೆ ಬಂದು ಕಲ್ಲವ್ವನನ್ನು ಕರೆದ.

“ಹುಡುಗಿ ಮಾತ ನಮಗ ನಡೀತದ, ತಂಗೀ. ಈ ಬಾತ್ಮೀದಾರ ಸಾಹೇಬ್ರನ್ನ ಮಾತ್ರ ಲಗ್ನದ ಮಾತಿಗಿ ಕರೀಬ್ಯಾಡ್ರಿ.”

ಹಾಗೇ ಆಯಿತು. ಲಗ್ನದಲ್ಲಿ ನಾನೂ ಉಂಡೆ, ಮಾತಿಗೆ ನನ್ನನ್ನು ಯಾರೂ ಕರೆಯಲಿಲ್ಲ. ಆ ಬುಧವಾರದ ಮರುದಿನದಿಂದಲೇ ಪಕ್ಕದ ಮನೆಯಲ್ಲಿ ಸಂಜೆಯ ಸಪ್ಪಳ ನಿಂತಿತು. ಅದರ ಮರುದಿನ ಬೆಳಿಗ್ಗೆ ಕೆಂಡ ಕೇಳಲು ನಾಲ್ಕು ಜನ ಬಂದರು, ಕಲ್ಲವ್ವ ನಾಲ್ವರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾಳಪ್ಪನ ಒಂದು ಕಾಲ್ಬೆರಳು ಹೋಯಿತು, ಕಾಲು ಉಳಿಯಿತು. ಅಮಗೊಂಡ ಆಮೇಲೂ ನಮ್ಮ ಪತ್ರಿಕೆ ತರಿಸುತ್ತಿದ್ದನೆಂದು ಕೇಳಿದ್ದೇನೆ. ಜತ್ತ ತಾಲೂಕಿನ ಸುದ್ದಿಯನ್ನು ಅವನು ಓದುತ್ತಿದ್ದನೋ ದಾಟಿ ಹೋಗುತ್ತಿದ್ದನೋ ತಿಳಿಯದು.

ಇದನ್ನು ಬರೆಯಬಹುದೇ ಎಂದು ಕೇಳಲು ನಿನ್ನೆ ಶೇವಂತಾಬಾಯಿಗೆ ಫೋನ್ ಮಾಡಿದೆ. ಆಕೆಗೂ ಈಗ ಸಕ್ಕರೆ ಬೇನೆ ಇದೆ. ಗಂಡನಿಗೂ ಇದೆ, ಅವನ ವಂಶದಲ್ಲಿ ಹಿಂದೆ ಯಾರಿಗೂ ಇರಲಿಲ್ಲವಂತೆ. ಹೇಳುತ್ತ ಆಕೆಯೇ ನಕ್ಕಳು. ನನ್ನ ನೆನಪಿನ ಪಲ್ಯವನ್ನು ಓದಿ ಹೇಳಿದೆ. ಬದನೆಕಾಯಿ ಹಾಕುತ್ತಿರಲಿಲ್ಲ, ಅಪ್ಪನಿಗೆ ಆಗುತ್ತಿರಲಿಲ್ಲ ಎಂದು ತಿದ್ದಿದಳು. ಹೀಗಾಗಿ ಮೇಲೆ ಬರೆದ ಬದನೆಕಾಯಿಯನ್ನು ಓದುಗರು ಬಿಟ್ಟು ಓದಬೇಕು. ಬೇರೇನಾದರೂ ತಪ್ಪಿದೆಯೇ ಎಂದು ಕೇಳಿದೆ.

“ಬರೀರಿ,” ಎಂದಳು. “ಆದ್ರ ನಾ ಅಂದದ್ದ ಬರಿಯೂದಿದ್ರ ನೀವ ಅಂದದ್ದೂ ಬರೀರಿ.”

ಬರೆದಿದ್ದೇನೆ. ಚಹಾದಂಗಡಿಯಲ್ಲಿ ಅಮಗೊಂಡನಿಗೆ ನಾನು ಹೇಳಿದ್ದು ಸುಳ್ಳು. ಆಗ ನನಗೆ ಎಲ್ಲ ಗೊತ್ತಿತ್ತು.